ಬೆಳಕಿಗೆ ಮುಖ ಮಾಡಿ

ಹಿಬಾರಾ
14 ಫೆಬ್ರವರಿ 2016

ನಿವಾಲ್ದೋ,

‘ಎಣ್ಣೆ ಸುರಿದ ಹಾಗೆ ಓಡುತ್ತೆ ಅಕ್ಕ’ ಎಂದೋ ಏನೋ ನೀನು ಬರೆದಿದ್ದೆ. ಎಣ್ಣೆಯೋ ಹಾಲೋ, ಆ ಚೀಟಿಯನ್ನು ಎಲ್ಲೋ ಇಟ್ಟು ಮರೆತಿದ್ದೇನೆ. ಎರಡೂ ಅಲ್ಲ. ನೀನು ಕಳಿಸಿದ ಟ್ಯಾಬ್ಲೆಟ್ಟಿನ ವಿಡಿಯೋದಲ್ಲಿ ಅಮ್ಮ ಓಡುವುದಿಲ್ಲ. ಬಾಯಿ ತೆರೆಯುತ್ತಾಳೆ, ಹಾಗೇ ನಿಲ್ಲುತ್ತಾಳೆ. ನಾನು ಒಂದು, ಎರಡು, ಮೂರು ಎಂದು ಎಣಿಸುತ್ತೇನೆ. ಚಿತ್ರ ಮತ್ತೆ ಜಿಗಿಯುವ ಹೊತ್ತಿಗೆ ಬಾಯಿ ಮುಚ್ಚಿರುತ್ತದೆ. ನಡುವೆ ಅವಳು ಹೇಳಿದ್ದನ್ನು ನಾನು ಎಲ್ಲಿಂದ ತರಲಿ? ಎರಡನೇ ನಿಮಿಷದಾಚೆಗಂತೂ ಚಿತ್ರ ಹೋಗುವುದೇ ಇಲ್ಲ. ಒಂಬತ್ತನೇ ವಯಸ್ಸಿನ ಆ ಜ್ವರದಿಂದ ಎದ್ದ ದಿನದಿಂದ ಎದುರಿಗಿದ್ದವರ ತುಟಿಯೇ ನನ್ನ ಕಿವಿ. ಅದು ನಿನಗೆ ಹೊಸ ಸಂಗತಿಯಲ್ಲ.

ಎವೆಲಿಯೋನದೂ ತಪ್ಪಿದೆ. ಹವಾನಾದಿಂದ ಬಸ್ಸು ಓಡಿಸಿಕೊಂಡು ಊರಿಗೆ ಬಂದವನು ಮೂರು ದಿನ ಬಿಟ್ಟು ನನ್ನ ಕಿಟಕಿಯ ಮುಂದೆ ನಿಂತು ಕೈ ಬೀಸಿದ. ‘ಬೈಬೇಡ ಮಾರಾಯ್ತಿ. ನಿನ್ನ ತಮ್ಮ ಈ ಮೆಮೊರಿ ಕಾರ್ಡಲ್ಲಿ ಕೊರಿಯಾದ ಧಾರಾವಾಹಿ ಬೇರೆ ತುಂಬಿಸಿಟ್ಟಿದ್ದ. ನನ್ನ ಹೆಂಡ್ತಿ ಮೂರು ದಿನದಿಂದ ಒಲೆ ಹತ್ರ ಹೋಗಿಲ್ಲ, ಗೊತ್ತಾ?’ ಎಂದ. ಕೊರಿಯಾದವರ ಬಗ್ಗೆ ನನಗೆ ದೂರಿಲ್ಲ. ಅವರ ಕೆಳಗೆ ಅಕ್ಷರ ಬರುತ್ತದೆ. ಈ ಬೀದಿಯಲ್ಲಿ ಅವರ ಒಂದು ಮಾತನ್ನೂ ಬಿಡದೆ ತಿಳಿಯುವವಳು ನಾನೊಬ್ಬಳೇ, ಉಳಿದವರು ಅಳುವ ಗಲಾಟೆಯಲ್ಲಿ ಓದುವುದನ್ನು ಮರೆಯುತ್ತಾರೆ. ಅವರೆಲ್ಲ ಸರಾಗವಾಗಿ ಓಡುತ್ತಾರೆ. ಅಮ್ಮ ಒಬ್ಬಳೇ ತೊದಲುತ್ತಾಳೆ.

ಜನವರಿಯಲ್ಲಿ ನಾನು ಅವಳಿಗೆ ಬರೆದು ಕೇಳಿದ್ದಕ್ಕೆ ಈ ಏಳು ನಿಮಿಷ ಉತ್ತರ ಎಂದು ನೀನೇ ಹೇಳಿದ್ದೀಯ. ನನಗೆ ಏಳು ನಿಮಿಷವೂ ಬೇಕು. ಸರಿಮಾಡಿ ಕಳಿಸು.

ಎದೆಲ್ಮಿರಾ


ಹವಾನಾ
28 ಫೆಬ್ರವರಿ 2016

ಅಕ್ಕ,

ಅಮ್ಮ ತೊದಲುತ್ತಿಲ್ಲ, ನಿನ್ನ ಟ್ಯಾಬ್ಲೆಟ್ಟು ಏದುಸಿರು ಬಿಡುತ್ತಿದೆ. ಅದು ಈಕ್ವಡಾರಿನಿಂದ ಯಾರದೋ ಸೂಟ್‌ಕೇಸಿನಲ್ಲಿ, ಒಳಉಡುಪುಗಳ ನಡುವೆ ಬಂದದ್ದು. ನಾನು ಅಮ್ಮನನ್ನು ಚಿತ್ರೀಕರಿಸಿದ್ದು ಗಿರಾಕಿಯೊಬ್ಬನ ಹೊಸ ಫೋನಿನಲ್ಲಿ. ಆ ಫೋನು ಸೆಕೆಂಡಿಗೆ ಅರವತ್ತು ದೊಡ್ಡ ದೊಡ್ಡ ಚಿತ್ರ ತೆಗೆಯುತ್ತದೆ, ಬಡ ಟ್ಯಾಬ್ಲೆಟ್ಟಿಗೆ ಅಷ್ಟನ್ನು ಅಗಿದು ನುಂಗಲು ಆಗುವುದಿಲ್ಲ. ಕನ್ವರ್ಟ್ ಮಾಡಿಯೇ ಕಳಿಸಬೇಕಿತ್ತು. ಅವಸರಪಟ್ಟೆ.

ಚಿತ್ರೀಕರಿಸಿದ್ದು ಹೇಗೆ ಎಂದು ನೀನು ಕೇಳಿಲ್ಲ, ಆದರೂ ಹೇಳುತ್ತೇನೆ. ನಿನ್ನ ಕಾಗದವನ್ನು ಎರಡು ಸಲ ಓದಿಸಿದಳು. ‘ಬರೆಯೋಕೆ ನಂಗೆ ಕಣ್ಣಿಲ್ಲ. ನಿನ್ನ ಕೈಲಿ ಬರೆಸೋಕೆ ಮನಸ್ಸಿಲ್ಲ. ಆ ಫೋನು ಹಚ್ಚಿಟ್ಟು ಹೊರಗೆ ನಡಿ’ ಎಂದಳು.

‘ಎಲ್ಲಿಗೆ ಹೋಗ್ಲಿ?’ ಎಂದೆ.

‘ಬ್ರೆಡ್ಡಿನ ಸಾಲಿಗೆ ಹೋಗು. ಬೇಗ ಬಂದ್ರೆ ನೋಡು ಮತ್ತೆ!’

ಬಾಗಿಲು ಎಳೆದುಕೊಳ್ಳುವಾಗ ನೋಡಿದೆ. ಕುರ್ಚಿಯನ್ನು ತಡಕಿ ಬಾಲ್ಕನಿಯ ಬೆಳಕಿಗೆ ತಿರುಗಿಸಿಕೊಂಡಳು, ಮೇಜಿಗೆ ಎರಡು ಸಲ ತಟ್ಟಿದಳು. ಹಿಬಾರಾದ ಮನೆಯ ಕಾನೂನು: ಎದೆಲ್ಮಿರಾಳೊಂದಿಗೆ ಮಾತಾಡುವ ಮೊದಲು ಮೇಜು ತಟ್ಟಬೇಕು, ಬೆಳಕಿಗೆ ಮುಖ ಮಾಡಬೇಕು. ಫೋನಿಗೆ ತಟ್ಟಿದ್ದು ತಿಳಿಯುವುದಿಲ್ಲ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.

ಮೂರು ಸಲ ಕೂತು ಕನ್ವರ್ಟ್ ಮಾಡಿದ್ದೇನೆ. ಎರಡನೇ ಸಲ ಶೇಕಡಾ ತೊಂಬತ್ತೇಳಕ್ಕೆ ಬಂದಾಗ ಕರೆಂಟು ಹೋಯಿತು. ಈಗ ಸೆಕೆಂಡಿಗೆ ಹನ್ನೆರಡೇ ಚಿತ್ರ, ಅಳತೆಯೂ ಸಣ್ಣದು, ಹೂವಿನಷ್ಟು ಹಗುರ. ಆದರೆ ಧ್ವನಿಯನ್ನು ಮಾತ್ರ ಕತ್ತರಿಸಲಿಲ್ಲ. ಬೀದಿಯ ಗದ್ದಲ, ಫ್ಯಾನಿನ ಸದ್ದು ಎಲ್ಲವನ್ನೂ ತೊಳೆದು ತೆಗೆದಿದ್ದೇನೆ. ಮೊದಲ ಹತ್ತು ಸೆಕೆಂಡು ಕೇಳಿ ನೋಡಿದೆ, ಅಮ್ಮನ ಉಸಿರು ಕೂಡ ಸ್ಪಷ್ಟ. ಆಮೇಲೆ ಸ್ಪೀಕರಿನ ತಂತಿ ಕಿತ್ತೆ. ಹೊರಗೆ ಹೋಗು ಎಂದವಳ ಮಾತನ್ನು ನಾನು ಕೇಳಿಲ್ಲ, ಕೇಳುವುದೂ ಇಲ್ಲ.

ಇದು ಓಡದಿದ್ದರೆ ನನ್ನ ಹೆಸರು ಬದಲಾಯಿಸು.

ನಿವಾಲ್ದೋ


ಹಿಬಾರಾ
19 ಮಾರ್ಚ್ 2016

ಹೆಸರು ಬದಲಾಯಿಸಬೇಕಾದ ತಮ್ಮನಿಗೆ,

ಧ್ವನಿ ಸ್ಪಷ್ಟವಾಗಿದೆಯಂತೆ. ಮಿರೆಲಿಸ್ ಹೇಳಿದಳು. ಪಕ್ಕದ ಮನೆಯ ಮಿರೆಲಿಸ್, ನಿನಗೆ ನೆನಪಿರಬೇಕು, ಈಗ ನನ್ನ ಟ್ಯಾಬ್ಲೆಟ್ಟಿಗೆ ಅವಳೇ ಡಾಕ್ಟರು. ನೀನು ಕಳಿಸಿದ್ದನ್ನು ಕಾರ್ಡಿನಿಂದ ಟ್ಯಾಬ್ಲೆಟ್ಟಿನ ಹೊಟ್ಟೆಗೆ ಇಳಿಸಿಕೊಟ್ಟು, ಗುಂಡಿ ಒತ್ತಿ, ಹಿಂದಕ್ಕೆ ಸರಿದು ಎದೆಯ ಮೇಲೆ ಕೈಯಿಟ್ಟುಕೊಂಡಳು. ‘ಅಯ್ಯೋ ದೇವ್ರೇ, ನಿಮ್ಮಮ್ಮ ಇಲ್ಲೇ ಪಕ್ಕದಲ್ಲಿ ಕೂತ ಹಾಗಿದೆ ಕಣೇ!’

ಇರಬಹುದು. ನನ್ನ ಪಕ್ಕದಲ್ಲಿ ಯಾರೂ ಇರಲಿಲ್ಲ.

ಸೆಕೆಂಡಿಗೆ ಹನ್ನೆರಡು ಚಿತ್ರ ಎಂದರೆ ನಿನಗೆ ಹಗುರ. ತುಟಿ ಕೂಡಿ ಬಿಡುವುದಕ್ಕೆ ಎಷ್ಟು ಹೊತ್ತು ಬೇಕು ಎಂದು ಎಂದಾದರೂ ಯೋಚಿಸಿದ್ದೀಯಾ? ನಿನ್ನ ಎರಡು ಚಿತ್ರಗಳ ನಡುವಿನ ಸಂದಿಯಲ್ಲಿ ಇಡೀ ಪದಗಳು ಜಾರಿ ಬೀಳುತ್ತಿವೆ. ಅಮ್ಮ ಕೋಳಿಗಳ ಬಗ್ಗೆ ಏನೋ ಹೇಳುತ್ತಾಳೆ, ಅಥವಾ ದಿಂಬುಗಳ ಬಗ್ಗೆ. ಇಷ್ಟು ಸಾಲದೆಂದು ಮೂರನೇ ನಿಮಿಷಕ್ಕೆ ಚಿತ್ರ ಪೂರ್ತಿ ನಿಂತುಬಿಟ್ಟಿತು. ಒಂದು ಕಣ್ಣು ಅರೆಮುಚ್ಚಿದ ಅಮ್ಮ. ಮುಗಿಯಿತು ಎಂದುಕೊಂಡೆ. ಮಿರೆಲಿಸ್ ನನ್ನ ತೋಳು ತಟ್ಟಿದಳು. ‘ಮುಗ್ದಿಲ್ಲ, ಮಾತು ನಡೀತಾನೇ ಇದೆ.’

ಆಗ ನಾನು ಮಾಡಿದ್ದನ್ನು ಹೇಳುತ್ತೇನೆ, ನಗಬೇಡ. ಟ್ಯಾಬ್ಲೆಟ್ಟಿನ ಹಿಂದೆ ಇರುವ, ಧ್ವನಿ ಬರುವ ಆ ಸಣ್ಣ ತೂತನ್ನು ಹೆಬ್ಬೆರಳಿನಿಂದ ಮುಚ್ಚಿದೆ. ನನ್ನ ತಾಯಿ ನನಗೆ ಹೇಳುತ್ತಿದ್ದುದು ನನ್ನ ಕೈಯಲ್ಲೇ ಇತ್ತು, ಅದು ಹೋಗುತ್ತಿದ್ದುದು ಮಿರೆಲಿಸಳ ಕಿವಿಗೆ. ಬೆರಳಿಗೆ ಅವಳ ಮಾತು ಸಣ್ಣಗೆ ಅದುರಿದ್ದು ತಿಳಿಯಿತು. ಅಷ್ಟೇ ನನ್ನ ಪಾಲು.

ಉಸಿರು ಕೂಡ ಸ್ಪಷ್ಟ ಎಂದು ಬರೆದೆಯಲ್ಲ. ಯಾರಿಗೆ, ನಿವಾಲ್ದೋ?

ನಿನ್ನ ಕಿವುಡಿ ಅಕ್ಕ


ಹವಾನಾ
2 ಏಪ್ರಿಲ್ 2016

ಅಕ್ಕ,

ನಿನ್ನ ಕಾಗದವನ್ನು ಅಮ್ಮನಿಗೆ ಓದಲಿಲ್ಲ. ನನಗೇ ಎರಡನೇ ಸಲ ಓದಲು ಆಗಲಿಲ್ಲ.

ನೆಪ ಹೇಳಬಾರದು, ಆದರೆ ಇರುವುದು ನೆಪ ಒಂದೇ. ಪ್ರತಿ ವಾರ ಪೊಟ್ಟಣ ಬರುತ್ತದೆ, ಒಂದು ಡಿಸ್ಕಿನ ತುಂಬ ಸಿನಿಮಾ, ಧಾರಾವಾಹಿ, ಹಾಡು. ಸೋಮವಾರದಿಂದ ಅರ್ಧ ಬಡಾವಣೆಗೆ ಅದನ್ನು ತುಂಬಿಕೊಡುತ್ತೇನೆ, ಅವರವರ ಯಂತ್ರಕ್ಕೆ ಒಗ್ಗುವ ಹಾಗೆ ಕನ್ವರ್ಟ್ ಮಾಡುತ್ತೇನೆ. ಈ ಕೆಲಸದಲ್ಲಿ ಕಲಿತದ್ದು ಒಂದೇ: ಚಿತ್ರ ಹಾಳಾದರೆ ಜನ ಕಣ್ಣು ಕಿರಿದು ಮಾಡಿಕೊಂಡು ನೋಡುತ್ತಾರೆ, ಮಾತು ಹಾಳಾದರೆ ಕಾರ್ಡು ಹಿಡಿದುಕೊಂಡು ಜಗಳಕ್ಕೆ ಬರುತ್ತಾರೆ. ಏನು ಕತ್ತರಿಸಿದರೂ ಧ್ವನಿ ಕತ್ತರಿಸಬೇಡ. ಹತ್ತು ವರ್ಷ ಹಾಗೆ ಮಾಡಿದ ಕೈ, ನಿನ್ನ ಫೈಲಿಗೂ ಹಾಗೇ ಮಾಡಿತು. ಚಿಕ್ಕಂದಿನಲ್ಲಿ ನಿನ್ನ ಪಕ್ಕ ಕೂತು ಶಾಲೆಯ ಪಾಠವನ್ನು ಬಾಯಿ ಅಗಲಿಸಿ ಅಗಲಿಸಿ ಹೇಳಿಕೊಡುತ್ತಿದ್ದವನ ಕೈ.

ಇನ್ನೊಂದು ಸಲ ಚಿತ್ರೀಕರಿಸೋಣ ಎಂದು ಅಮ್ಮನನ್ನು ಕೇಳಿದೆ. ‘ಒಂದ್ಸಲ ಹೇಳಿದ್ದೀನಿ. ಅದು ಸಾಲ್ದಾ ಅವಳಿಗೆ?’ ಎಂದಳು. ಓಡುತ್ತಿಲ್ಲ ಎಂದೆ. ‘ಓಡೋ ಹಾಗೆ ಮಾಡು. ಅದೇ ತಾನೇ ನಿನ್ನ ಕಸುಬು?’

ಒಂದು ದಾರಿ ಇದೆ. ನೀನು ಹೂಂ ಎಂದರೆ ನಾನು ಕೇಳಿ, ಒಂದಕ್ಷರ ಬಿಡದೆ ಬರೆದು ಕಳಿಸುತ್ತೇನೆ. ಇನ್ನೊಂದು ದಾರಿ ಅದಕ್ಕಿಂತ ಸುಲಭ: ನೀನೇ ಬಾ. ಅವಳಿಗೆ ಈಗ ಮೆಟ್ಟಿಲು ಇಳಿಯಲು ಆಗುತ್ತಿಲ್ಲ. ಕಾಫಿಯನ್ನೂ ಅರ್ಧಕ್ಕೆ ಬಿಡುತ್ತಾಳೆ, ರೇಷನ್ ಪುಡಿಯಲ್ಲಿ ಕಾಫಿಗಿಂತ ಬೆರಕೆಯ ಬಟಾಣಿಯೇ ಹೆಚ್ಚು ಎಂದು ಬೈಯುವುದನ್ನೂ ಬಿಟ್ಟಿದ್ದಾಳೆ. ಕಣ್ಣಿನ ಚಿಕಿತ್ಸೆಗೆಂದು ಇಲ್ಲಿಗೆ ಬಂದು ಆರು ವರ್ಷವಾಯಿತು. ಆರು ವರ್ಷದಲ್ಲಿ ನೀನು ಒಂದು ಸಲವೂ ಬರಲಿಲ್ಲ.

ನಿವಾಲ್ದೋ


ಹಿಬಾರಾ
17 ಏಪ್ರಿಲ್ 2016

ನಿವಾಲ್ದೋ,

ಬರೆದು ಕಳಿಸಬೇಡ.

ಅಡುಗೆಮನೆಯಲ್ಲಿ ನನಗೆ ಸಲ್ಲದ ಮಾತು ಬಂದಾಗ ಅಮ್ಮ ಒಲೆಯ ಕಡೆ ತಿರುಗುತ್ತಿದ್ದಳು. ನೀನು ತಲೆಯಾಡಿಸುತ್ತಿದ್ದೆ. ನಾನು ಅವಳ ಬೆನ್ನು ನೋಡುತ್ತ ಕೂತಿರುತ್ತಿದ್ದೆ. ಆಮೇಲೆ ‘ಏನಂದಳು?’ ಎಂದು ಕೇಳಿದರೆ ನೀನು ‘ಏನಿಲ್ಲ, ಬೇಳೆ ಬೇಯ್ತಿದೆ ಅಂದ್ಲು’ ಎನ್ನುತ್ತಿದ್ದೆ. ಎಷ್ಟೊಂದು ಬೇಳೆ ಬೇಯುತ್ತಿತ್ತು ನಮ್ಮ ಮನೆಯಲ್ಲಿ. ಈಗ ನೀನು ಕೇಳಿ ಬರೆದರೆ, ಅದು ಎಷ್ಟು ನಿಜವಾಗಿದ್ದರೂ, ನನಗೆ ಆ ಬೇಳೆಯೇ.

ನಾನು ಕೇಳಿದ್ದು ದೊಡ್ಡ ವಿಷಯವಲ್ಲ. ಸಾಂತಿಯಾಗೋದ ಆ ಕಿವುಡು ಮಕ್ಕಳ ವಸತಿಶಾಲೆಯಲ್ಲಿ ನನ್ನನ್ನು ಬಿಟ್ಟಾಗ ನನಗೆ ಹತ್ತು ವರ್ಷ. ತಿಂಗಳ ಕೊನೆಯ ಭಾನುವಾರ ಎಲ್ಲ ಮಕ್ಕಳ ತಾಯಂದಿರೂ ಪೇರಲೆಹಣ್ಣಿನ ಮಿಠಾಯಿ, ಬ್ರೆಡ್ಡು ಕಟ್ಟಿಕೊಂಡು ಬರುತ್ತಿದ್ದರು. ನಾನು ಗೇಟಿನ ಬಳಿ ಹನ್ನೊಂದು ಭಾನುವಾರ ನಿಂತೆ. ಹನ್ನೆರಡನೆಯದಕ್ಕೆ ಬಂದಳು, ಏನೂ ಆಗದವಳ ಹಾಗೆ ನನ್ನ ಜಡೆ ಬಿಚ್ಚಿ ಮತ್ತೆ ಹಾಕಿದಳು. ಜಡೆ ಹಾಕುವವರ ಬಾಯಿ ಕಾಣುವುದಿಲ್ಲ. ಆ ವರ್ಷ ಯಾಕೆ ಬರಲಿಲ್ಲ ಎಂದು ಕೇಳುವುದಕ್ಕೆ ನನಗೆ ನಲವತ್ತೈದು ವರ್ಷ ಹಿಡಿಯಿತು. ಉತ್ತರವನ್ನು ಅವಳ ಬಾಯಿಂದಲೇ ನೋಡುತ್ತೇನೆ.

ಬರುವ ವಿಷಯ. ಮೇ ಕೊನೆಗೆ ಬರಬಹುದೇನೋ. ಶಾಲೆಯ ಸಮವಸ್ತ್ರದ ಹೊಲಿಗೆ ಒಪ್ಪಿಕೊಂಡಿದ್ದೇನೆ.

ಎದೆಲ್ಮಿರಾ


ಹವಾನಾ
9 ಮೇ 2016

ಅಕ್ಕ,

ಅಮ್ಮ ಮೂರನೇ ತಾರೀಖು ಬೆಳಿಗ್ಗೆ ಹೋದಳು. ಟೆಲಿಗ್ರಾಂ ನಿನ್ನ ಕೈಗೆ ಸೇರಿತ್ತೆಂದು ಈಗ ಗೊತ್ತು. ಮಾರನೆಯ ದಿನ ಒಂಬತ್ತಕ್ಕೆ ಮಣ್ಣು ಮಾಡಿದೆವು. ಇಲ್ಲಿ ಅದಕ್ಕಿಂತ ಹೆಚ್ಚು ಕಾಯಲು ಬಿಡುವುದಿಲ್ಲ, ನಿನಗೂ ತಿಳಿದಿರುವುದೇ. ಕೆಳಗಿನ ಮನೆಯವರು ಕುರ್ಚಿ ಕೊಟ್ಟರು. ಒಂದನ್ನು ನಾನು ಖಾಲಿ ಇಟ್ಟಿದ್ದೆ.

ನಿನ್ನೆ ಎವೆಲಿಯೋ ಬಂದಿದ್ದ. ‘ನಿನ್ನಕ್ಕ ಓಲ್ಗಿನ್ ಬಸ್ ನಿಲ್ದಾಣದಲ್ಲಿ ಕಾಯೋರ ಪಟ್ಟೀಲಿ ಹೆಸರು ಬರೆಸಿ ಕೂತಿದ್ಲು. ಹತ್ತು ಮಾರಾಯ್ತಿ, ನನ್ನ ಬಸ್ಸಲ್ಲೇ ಜಾಗ ಮಾಡ್ತೀನಿ ಅಂದೆ. ಗಡಿಯಾರ ನೋಡಿದ್ಲು, ನನ್ನ ನೋಡಿದ್ಲು, ಚೀಲ ತಗೊಂಡು ಎದ್ದು ಹೋದ್ಲು’ ಎಂದ.

ಯಾಕೆ ಎಂದು ನಾನು ಕೇಳುವುದಿಲ್ಲ. ಈ ಮನೆಯಲ್ಲಿ ಕೇಳಿದವರಿಗೆ ಸಿಕ್ಕಿದ್ದು ಏನು ಎಂದು ನೋಡಿದ್ದೇನೆ.

ನಿವಾಲ್ದೋ


ಹಿಬಾರಾ
30 ಮೇ 2016

ನಿವಾಲ್ದೋ,

ಎವೆಲಿಯೋನ ಬಸ್ಸು ಮಾರನೆಯ ದಿನ ಮಧ್ಯಾಹ್ನ ಹನ್ನೆರಡಕ್ಕೆ ಹವಾನಾ ತಲುಪುತ್ತಿತ್ತು. ಹನ್ನೆರಡಕ್ಕೆ ಬಂದು ನಿನ್ನ ಕುರ್ಚಿಗಳನ್ನು ನೋಡಬೇಕಿತ್ತೆ?

ಟ್ಯಾಬ್ಲೆಟ್ಟಿನ ಚಾರ್ಜರ್ ಕೆಟ್ಟಿತ್ತು, ಮಿರೆಲಿಸ್ ಬೇರೆಯದು ತಂದಿದ್ದಾಳೆ. ಈಗ ಸರಿಯಾಗಿದೆ. ಫೈಲನ್ನು ಇನ್ನೊಮ್ಮೆ ಮಾಡಿ ಕಳಿಸು. ಧ್ವನಿಯ ಗೊಡವೆ ಬೇಡ. ಬಾಯಿ ಮಾತ್ರ.

ಎ.


ಹವಾನಾ
20 ಜೂನ್ 2016

ಅಕ್ಕ,

ಈ ಸಲ ನಿನ್ನದೇ ಮಾದರಿಯ ಟ್ಯಾಬ್ಲೆಟ್ಟನ್ನು ಗಿರಾಕಿಯಿಂದ ಎರವಲು ತಂದು, ಅದರ ಮೇಲೇ ಓಡಿಸಿ ನೋಡಿದ್ದೇನೆ. ಸೆಕೆಂಡಿಗೆ ಮೂವತ್ತು ಚಿತ್ರ. ಧ್ವನಿಯನ್ನು ಪೂರ್ತಿ ಕಿತ್ತು ತೆಗೆದೆ, ಅದರ ಜಾಗವನ್ನೂ ಚಿತ್ರಕ್ಕೇ ಕೊಟ್ಟೆ. ಮೊದಲ ನಿಮಿಷ ನೋಡಿದೆ. ಎಲ್ಲೂ ಎಡವಲಿಲ್ಲ. ತುಟಿಯ ಮೇಲಿನ ಮಚ್ಚೆ ಕಾಣುತ್ತದೆ. ಅಲ್ಲಿಗೆ ನಿಲ್ಲಿಸಿದೆ. ಬಾಯಿ ನೋಡಿ ತಿಳಿಯುವುದು ನಿನ್ನಷ್ಟಲ್ಲದಿದ್ದರೂ ನನಗೂ ಸ್ವಲ್ಪ ಬರುತ್ತದೆ, ನಿನ್ನ ಜೊತೆ ಬೆಳೆದವನಲ್ಲವೇ.

ಟ್ಯಾಬ್ಲೆಟ್ಟಿನಲ್ಲಿ ಜಾಗ ಸಾಲದು, ಹಳೆಯ ಫೈಲನ್ನು ಅಳಿಸಿ ಇದನ್ನು ಹಾಕಿಸು. ನನ್ನಲ್ಲೂ ಹಾಗೇ ಮಾಡಬೇಕಾಯಿತು. ಸೋಮವಾರದ ಪೊಟ್ಟಣಕ್ಕೆ ಡಿಸ್ಕಿನಲ್ಲಿ ಜಾಗವಿರಲಿಲ್ಲ, ಅಮ್ಮನ ಮೂಲ ಫೈಲು ಒಂದು ಇಡೀ ಸಿನಿಮಾದ ಜಾಗ ತಿನ್ನುತ್ತಿತ್ತು. ಅದನ್ನೂ ಹಿಂದೆ ಮಾಡಿದ ಪ್ರತಿಗಳನ್ನೂ ತೆಗೆದೆ. ಫೋನಿನವನು ತನ್ನದನ್ನು ಎಂದೋ ತೆಗೆದಿದ್ದಾನೆ. ನಿನಗೆ ಬೇಕಾದದ್ದು ಈಗ ನಿನ್ನ ಹತ್ತಿರ ಪೂರ್ತಿ ಇದೆ, ಉಳಿದದ್ದು ಬರೀ ಧ್ವನಿ.

ಓಡಿತೋ ಇಲ್ಲವೋ ಬರೆ. ಓಡದಿದ್ದರೂ ಬರೆ. ಬೈದಾದರೂ ಬರೆ.

ನಿನ್ನ ತಮ್ಮ


ಹಿಬಾರಾ
24 ಜುಲೈ 2016

ನಿವಾಲ್ದೋ,

ಓಡಿತು. ನಿನ್ನ ಹೆಸರು ನಿನ್ನ ಹತ್ತಿರವೇ ಇರಲಿ.

ಮಿರೆಲಿಸಳನ್ನು ಮನೆಗೆ ಕಳಿಸಿ, ಸಮುದ್ರದ ಕಡೆಯ ಕಿಟಕಿಯಲ್ಲಿ ಕೂತು ನೋಡಿದೆ. ಅಮ್ಮ ಮೇಜು ತಟ್ಟಿದಳು, ಎರಡು ಸಲ. ಏನೇನು ಹೇಳಿದಳು ಎಂದರೆ: ಕೋಳಿಗಳನ್ನು ಕೇಳಿದಳು. ದಿಂಬುಗಳಲ್ಲ, ಕೋಳಿಗಳೇ. ನೀನು ಸ್ನಾನದ ಬಕೆಟ್ಟನ್ನು ನಡುವೆಯೇ ಬಿಟ್ಟು ಹೋಗುತ್ತೀಯೆಂದು ದೂರಿದಳು. ತಾನು ಹವಾನಾಕ್ಕೆ ಹೊರಟ ದಿನ ನಾನು ಹೊಲಿಗೆಯಂತ್ರ ಬಿಟ್ಟು ಏಳದಿದ್ದುದು ತನಗೆ ಕಂಡಿತ್ತು, ಆಗ ಇನ್ನೂ ಅಷ್ಟು ಕಣ್ಣಿತ್ತು ಎಂದಳು. ಎಲ್ಲವೂ ತಿಳಿಯಿತು. ನಾನು ಒಂದು ಪದವನ್ನೂ ಊಹಿಸಬೇಕಾಗಲಿಲ್ಲ.

ಮೂರನೇ ನಿಮಿಷ ದಾಟಿತು. ಮೊದಲು ಕಾಣದೇ ಹೋದ ಭಾಗ. ‘ನೀನು ಕೇಳಿದ್ಯಲ್ಲ, ಆ ವರ್ಷ ಯಾಕೆ ಬರಲಿಲ್ಲ ಅಂತ. ಹೇಳ್ತೀನಿ, ಕೇಳು’ ಎಂದಳು. ಕೇಳು ಎಂದೇ ಹೇಳಿದಳು.

ಆಮೇಲೆ ಮುಖವನ್ನು ಆ ಕಡೆ ತಿರುಗಿಸಿಕೊಂಡಳು.

ಎರಡು ನಿಮಿಷ ಹತ್ತು ಸೆಕೆಂಡು. ನಾನು ಹದಿನಾರು ಸಲ ನೋಡಿದ್ದೇನೆ. ಕಿವಿಯ ಹಿಂದೆ ಸಿಕ್ಕಿಸಿದ ಬಾಚಣಿಗೆ ಕಾಣುತ್ತದೆ. ದವಡೆ ಆಡುವುದು ಕಾಣುತ್ತದೆ. ಕತ್ತಿನ ನರ ಒಮ್ಮೆ ಎದ್ದು ಇಳಿಯುತ್ತದೆ. ಬಹಳ ಮಾತಾಡುತ್ತಾಳೆ, ನಡುವೆ ಒಮ್ಮೆ ನಿಲ್ಲುತ್ತಾಳೆ, ಮತ್ತೆ ಮಾತಾಡುತ್ತಾಳೆ. ಎಷ್ಟು ಸರಾಗವಾಗಿ ಓಡುತ್ತದೆ ಎಂದರೆ, ಕೂದಲಿನ ಎಳೆ ಫ್ಯಾನಿನ ಗಾಳಿಗೆ ಹಾರುವುದನ್ನೂ ಎಣಿಸಬಹುದು. ಕೊನೆಗೆ ಬೆಳಕಿನ ಕಡೆ ತಿರುಗಿ, ಕಣ್ಣೊರೆಸಿಕೊಂಡು, ‘ಅಷ್ಟೇ ಮಗಳೇ. ಈಗ ಗೊತ್ತಾಯ್ತಲ್ಲ’ ಎಂದಳು.

ನಿನ್ನ ಆ ಕೋಣೆಯಲ್ಲಿ ನಾನು ಕಾಲಿಟ್ಟಿಲ್ಲ. ಅವಳು ತಿರುಗಿದ ಕಡೆ ಏನಿದೆ? ಒಲೆಯೇ ಇರಬೇಕು.

ಹಳೆಯದನ್ನು ಅಳಿಸು ಎಂದಿದ್ದೆ. ಅಳಿಸಲಿಲ್ಲ, ಜಾಗಕ್ಕಾಗಿ ಕೊರಿಯಾದವರನ್ನು ಅಳಿಸಿದೆ. ಚಿತ್ರ ನಿಂತು ಮಾತು ನಡೆಯುವ ಆ ಫೈಲು ಇನ್ನೂ ನನ್ನ ಹತ್ತಿರ ಇದೆ. ನೀನು ತೊಳೆದು ಒಪ್ಪಮಾಡಿದ ಧ್ವನಿ, ಉಸಿರಿನ ಸಮೇತ. ಇದು ತಿಳಿದ ಮೇಲೆ ಮಿರೆಲಿಸ್ ಸುಮ್ಮನಿರುತ್ತಾಳೆಯೇ. ‘ಕೊಡು ಇಲ್ಲಿ, ಎರಡು ನಿಮಿಷದ ಕೆಲಸ. ಕೇಳಿ ನಿನ್ನ ಮುಖಕ್ಕೆ ಮುಖ ಕೊಟ್ಟು ಹೇಳ್ತೀನಿ, ಇನ್ಯಾರ ಹತ್ರಾನೂ ಬಾಯಿ ಬಿಡಲ್ಲ.’

‘ನೀನು? ಬಾಯಿ ಬಿಡಲ್ಲ?’ ಎಂದೆ. ಅವಳಿಗೇ ನಗು ಬಂತು.

ನೀನು ಕೇಳಿದರೂ ಆಗುತ್ತದೆ. ಕಾರ್ಡಿಗೆ ಹಾಕಿ ಎವೆಲಿಯೋನ ಕೈಗೆ ಕೊಟ್ಟರೆ ಮೂರು ದಿನದಲ್ಲಿ ನಿನ್ನ ಮೇಜಿನ ಮೇಲಿರುತ್ತದೆ. ಕಾರ್ಡನ್ನು ತೆಗೆದು ಲಕೋಟೆಗೆ ಹಾಕಿದೆ, ಹೊರಗೆ ತೆಗೆದೆ. ಇಂದು ಬೆಳಿಗ್ಗೆ ಅವನು ಕಿಟಕಿಯ ಮುಂದೆ ಕೈ ಬೀಸಿದಾಗ ಏನೂ ಇಲ್ಲ ಎಂದು ತಲೆಯಾಡಿಸಿದೆ. ಈ ಕಾಗದ ಅಂಚೆಯಲ್ಲೇ ಬರುತ್ತದೆ. ಕಾರ್ಡು ಬರಬಹುದು, ಬರದಿರಬಹುದು. ನೀನು ಅದನ್ನು ಕಾಯಬೇಡ.

ಆದರೆ ನಿನ್ನ ಮೇಲೆ ಕೋಪವಿಲ್ಲ. ಇದನ್ನು ಎರಡು ಸಲ ಓದಿಕೋ.

ನಿನ್ನ ಅಕ್ಕ
ಎದೆಲ್ಮಿರಾ

ಸಹಿಯ ಕೆಳಗೆ ಜಾಗ ಉಳಿದಿದೆ. ಇದು ನಿನಗಲ್ಲ.

ಅಮ್ಮ, ನಿನಗೆ ಕಣ್ಣು ಕಾಣುತ್ತಿರಲಿಲ್ಲ, ಫೋನು ಎಲ್ಲಿದೆ ಎಂದು ಮರೆತು ಆ ಕಡೆ ತಿರುಗಿದೆಯಾ, ಇಲ್ಲಾ ಎದುರಿಗಿರುವವಳು ನಾನು ಎಂದು ನೆನಪಿದ್ದೇ ತಿರುಗಿದೆಯಾ?